ಮೈಲಾಪೂರಿನಲ್ಲಿ ನಿಧಿ ಸಿಕ್ಕಿದ್ದು

ಯಾವುದಾದರೊಂದು ಹೊರಾಂಗಣ ಹವ್ಯಾಸ ಹಚ್ಚಿಕೊಳ್ಳಿ ಎಂದರು ಡಾಕ್ಟರು, ನನ್ನ ಹೊಟ್ಟೆಯನ್ನೇ ನೋಡುತ್ತ. ಹೆಂಡತಿ ಸುಮಾ ತಕ್ಷಣ ಬೆಟ್ಟ ಹತ್ತುವುದೆಂದಳು. ಪ್ರತಿ ಭಾನುವಾರ, ಬೆಳಗಿನ ಜಾವ! ನನ್ನ ವಾರದ ಏಕೈಕ ಸುಖನಿದ್ರೆಗೇ ಸಂಚಕಾರ.

ನಿದ್ದೆ ಉಳಿಸಿಕೊಳ್ಳಲು ನಾನು ಹುಡುಕಿದ ಉಪಾಯ ಜಿಯೋಕ್ಯಾಶಿಂಗ್. ಯಾರೋ ಎಲ್ಲೋ ಡಬ್ಬಿಯೊಂದನ್ನು ಬಚ್ಚಿಟ್ಟು, ಜಾಗದ ಅಕ್ಷಾಂಶ, ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಜಿಪಿಎಸ್ ಯಂತ್ರ ಹಿಡಿದು ಹುಡುಕಬೇಕು. ನಿಧಿ ಶೋಧ! ಅದೂ ತಿಂಡಿ ತಿಂದು ಹೊರಡಬಹುದಾದ ಶೋಧ. ಮೈಲಾಪೂರಿನಲ್ಲೇ ಒಂದಿತ್ತು. ಶನಿವಾರ ಬ್ಯಾಂಕಿಗೆ ರಜೆ ಹಾಕಿ, ಭಾವಮೈದುನನ ಯಂತ್ರ ಹಿಡಿದು ಸಜ್ಜಾದೆ.

"ಊಟದ ಹೊತ್ತಿಗೆ ನಿಧಿ ಸಿಕ್ರೆ ನಿಮ್ಮಿಷ್ಟ. ಸಿಗ್ಲಿಲ್ವೋ, ನಾಳೆಯಿಂದ್ಲೇ ಬೆಟ್ಟ," ಎಂದಳು ಸುಮಾ. "ದಾರಿ ಕೇಳೋಕೆ ನಾನೂ ಬರ್ಲೇನ್ರೀ?"

"ಎಂಟು ವರ್ಷದಿಂದ ಮದ್ರಾಸಲ್ಲಿದ್ದೀನಿ ಕಣೇ! ತಮಿಳು ನಂಗೆ ನೀರು ಕುಡಿದಷ್ಟು ಸುಲಭ."

ಹಳೆಯ ಮನೆಗಳ ಸಂದಿಯಲ್ಲಿ ಯಂತ್ರದ ಬಾಣ ತಲೆ ತಿರುಗಿದವರಂತೆ ಸುತ್ತತೊಡಗಿತು. ಇಲ್ಲಿ ನಿಧಿ ಎಲ್ಲಿದೆಯೆಂದು ಹೂ ಮಾರುವಾಕೆಯನ್ನು ಗಂಭೀರವಾಗಿ ಕೇಳಿದೆ, "ಅಮ್ಮಾ, ಇಂಗೆ ನಿಧಿ ಎಂಗೆ ಇರುಕ್ಕು?"

"ಅದೋ, ಮಂಜ ಬಿಲ್ಡಿಂಗು. ಸೀಕ್ರಂ ಪೋಂಗ ಸಾರ್, ಮೂಡಿಡುವಾಂಗ!"

ಬೇಗ ಹೋಗದಿದ್ದರೆ ಮುಚ್ಚಿಬಿಡುತ್ತಾರಂತೆ! ಹಳದಿ ಕಟ್ಟಡಕ್ಕೆ ಓಡಿದೆ. ಒಳಗೆ ಉದ್ದನೆಯ ಸಾಲು, ಎಲ್ಲರೂ ವಯಸ್ಸಾದವರು. ಈ ಪ್ರಾಯದಲ್ಲೂ ಜಿಯೋಕ್ಯಾಶಿಂಗ್ ಉತ್ಸಾಹ! ಚೆನ್ನೈ ಮೇಲೆ ಅಭಿಮಾನ ಉಕ್ಕಿತು.

"ಎತ್ತನೆ ಮಾಸಂ ಸಾರ್?" ಎಂದರು ಕೌಂಟರಿನವರು. ಹುಡುಕಲು ಎಷ್ಟು ತಿಂಗಳು ಬೇಕೆಂದು ಅಣಕವೇ?

"ಪನ್ನೆಂಡು ಮಾಸಂ ಆನಾಲುಂ ವಿಡಮಾಟ್ಟೇನ್!" ಹನ್ನೆರಡು ತಿಂಗಳಾದರೂ ಬಿಡೆನೆಂದು ಗುಡುಗಿದೆ.

ಅವರು ಸಂತೋಷದಿಂದ ಠೇವಣಿ ಚೀಟಿ ಮುಂದಿಟ್ಟರು. ಆಗಷ್ಟೇ ಗೋಡೆಯ ಮೇಲಿನ ಬಡ್ಡಿ ದರದ ಬೋರ್ಡು ಕಂಡಿತು. ಹೂತಿಟ್ಟ ನಿಧಿಗೆ ತಮಿಳಿನಲ್ಲಿ ಪುದೈಯಲ್ ಎನ್ನುತ್ತಾರಂತೆ. ನಿಧಿ ಎಂದರೆ ಠೇವಣಿ ಪಡೆದು ಸಾಲ ಕೊಡುವ ಸಂಸ್ಥೆ! ನಮ್ಮ ಗಿರಾಕಿಗಳನ್ನು ಸೆಳೆಯುತ್ತಾರೆಂದು ನಾವು ಬ್ಯಾಂಕಿನಲ್ಲಿ ದಿನವೂ ಬೈಯುವ 'ಫಂಡು' ಇದೇ. ನಾನು ಬ್ಯಾಂಕಿನ ಠೇವಣಿ ವಿಭಾಗದ ಅಧಿಕಾರಿ! ಹಿಂದೆ ಅಷ್ಟು ಜನ ನೋಡುತ್ತಿರುವಾಗ ಹಿಂಜರಿಯಲು ಮಾನ ಒಪ್ಪಲಿಲ್ಲ. ಕಿಸೆಯಲ್ಲಿದ್ದುದನ್ನೆಲ್ಲ ಠೇವಣಿ ಇಟ್ಟೆ.

ಊಟದ ಹೊತ್ತಿಗೆ ಸರಿಯಾಗಿ ಮನೆ ಸೇರಿ, ಎದೆಯುಬ್ಬಿಸಿ ರಸೀದಿ ಚಾಚಿದೆ. "ನಿಧಿ ಸಿಕ್ತು!"

ಸುಮಾ ನಿಧಾನವಾಗಿ ಓದಿದಳು. "ಹೌದ್ರೀ, ಸಿಕ್ಕಿದೆ. ಕೈಗೆ ಬರೋದು ವರ್ಷ ಆದ್ಮೇಲೆ. ಅಲ್ಲೀವರ್ಗೂ ಬೆಟ್ಟ ಹತ್ತಿ!"

ಮರುದಿನ ಬೆಳಗಿನ ಜಾವ ಪರಂಗಿಮಲೈ ಬೆಟ್ಟದ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕುಸಿದು ಕೂತೆ. ಆದರೂ ಹೆಮ್ಮೆಯಿಂದಲೇ ಹೇಳುತ್ತೇನೆ, ಜಿಯೋಕ್ಯಾಶಿಂಗಿಗೆ ಹೋಗಿ ಬಡ್ಡಿ ಸಮೇತ ನಿಧಿ ಗಳಿಸಿದವನು ಜಗತ್ತಿನಲ್ಲಿ ನಾನೊಬ್ಬನೇ!