ಮೈಮೂನಾಳ ಮೂರು ಸುತ್ತಿನ ಹಿಜಾಬ್

ಕುಂದಾಪುರದ ಕೋಡಿಯ ಮೈಮೂನಾಳಿಗೆ ಓರಗಿತ್ತಿ ಶಿಫಾನಾಳ ಮೇಲೆ ದ್ವೇಷವೇನೂ ಇರಲಿಲ್ಲ. ಇದ್ದದ್ದು ಅಪ್ಪಟ ಹೊಟ್ಟೆಕಿಚ್ಚು. (ಎರಡಕ್ಕೂ ವ್ಯತ್ಯಾಸವಿದೆ. ದ್ವೇಷವಿದ್ದರೆ ಮಾತು ಬಿಟ್ಟು ಹಾಯಾಗಿರಬಹುದು. ಹೊಟ್ಟೆಕಿಚ್ಚಿದ್ದವರು ದಿನವೂ ಮಾತಾಡಿಸಿ, ಹೊಸತೇನು ಉಟ್ಟಳು, ಹೊಸತೇನು ತೊಟ್ಟಳು ಎಂದು ವಿಚಾರಿಸುತ್ತಲೇ ಇರಬೇಕಾಗುತ್ತದೆ.)

ಎಲ್ಲಕ್ಕೂ ಮೂಲ ಹಬ್ಬದ ದಿನದ ಒಂದು ಫೋಟೊ. ಅದರಲ್ಲಿ ಇಬ್ಬರು ಸೊಸೆಯಂದಿರೂ ಪಕ್ಕಪಕ್ಕದಲ್ಲೇ ಕೂತಿದ್ದರು. ಕಳೆದ ವರ್ಷ ಭಟ್ಕಳದಿಂದ ಮೈದುನನ ಹೆಂಡತಿಯಾಗಿ ಬಂದ ಶಿಫಾನಾಳ ಗುಲಾಬಿ ಹಿಜಾಬು ಕೆನ್ನೆಯ ಪಕ್ಕದಿಂದ ನೆರಿಗೆ ನೆರಿಗೆಯಾಗಿ ಹೆಗಲಿಗೆ ಇಳಿದಿತ್ತು. ಮೈಮೂನಾಳದ್ದು ಶಾಲೆಗೆ ಹೋಗುವಾಗಿನಿಂದ ಕಟ್ಟುತ್ತಿದ್ದ ಹಾಗೆಯೇ ಗಲ್ಲದ ಕೆಳಗೆ ಒಂದು ಪಿನ್ನು, ಉಳಿದ ಬಟ್ಟೆ ಬೆನ್ನಿಗೆ. ಫೋಟೊ ಮನೆತನದ ವಾಟ್ಸಾಪ್ ಗುಂಪಿಗೆ ಹೋಯಿತು. "ಉಪ್ಪ್ ಸಮ ಇತ್ತ್" ಎನ್ನುವುದನ್ನೇ ದೊಡ್ಡ ಹೊಗಳಿಕೆ ಎಂದು ತಿಳಿದಿದ್ದ ಅತ್ತೆ ಅವತ್ತು ಬಾಯಿಬಿಟ್ಟು, "ನಮ್ ಸಣ್ಣ ಸೊಸಿ ಗೊಂಬಿ ಕಂಡಂಗ್ ಕಾಂತ್ಳ್" ಎಂದು ಧ್ವನಿಸಂದೇಶ ಕಳಿಸಿದರು. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಅದರ ಕೆಳಗೇ ಗಂಡನ ದೂರದ ನೆಂಟರಾದ ಶಿರೂರಿನ ಬೀಬಿಜಾನ್ ಅಜ್ಜಿಯ ಧ್ವನಿ ಬಂತು: "ಹತ್ರ ಕೂತದ್ ಯಾರ್? ಅವ್ಳ್ ಅಮ್ಮ ಭಟ್ಕಳದಿಂದ ಬಂದಿದ್ರಾ?"

ಇಬ್ಬರ ನಡುವೆ ಇರುವುದು ಹನ್ನೊಂದು ವರ್ಷದ ಅಂತರ. ಹನ್ನೊಂದು ವರ್ಷಕ್ಕೆ ಯಾರಾದರೂ ಹೆರುತ್ತಾರೆಯೇ? ಮೈಮೂನಾ ಈ ಪ್ರಶ್ನೆಯನ್ನು ಗಂಡನಿಗೆ ಕೇಳಿದಳು, ಗೋಡೆಗೆ ಕೇಳಿದಳು, ಕೊನೆಗೆ ಕನ್ನಡಿಗೆ ಕೇಳಿದಳು. ಮುಂದಿನ ತಿಂಗಳು ಬೈಂದೂರಿನಲ್ಲಿ ಗಂಡನ ಕಡೆಯ ಹುಡುಗಿಯ ಮದುವೆಯಿತ್ತು. ಅಲ್ಲಿ ಅದೇ ಅಜ್ಜಿ ತನ್ನನ್ನು ನೋಡಿ "ಈ ಸಣ್ಣ ಹೆಣ್ಣ್ ಯಾರ್?" ಎಂದು ಕೇಳಬೇಕು. ಕೇಳಿಸಿಯೇ ಸಿದ್ಧ ಎಂದು ಅವಳು ಅವತ್ತೇ ತೀರ್ಮಾನಿಸಿದಳು.

ಮರುದಿನದಿಂದ ಅಡುಗೆಮನೆಯ ಅಕ್ಕಿಡಬ್ಬಿಗೆ ಫೋನು ಒರಗಿ ನಿಂತಿತು. ಫೋನಿನೊಳಗಿನ ಹುಡುಗಿ ಒಂದು ಸುತ್ತು, ಒಂದು ಮಡಿಕೆ, ಒಂದು ಪಿನ್ನು ಎನ್ನುವಷ್ಟರಲ್ಲಿ ರಾಜಕುಮಾರಿಯಾಗಿಬಿಡುತ್ತಿದ್ದಳು. ಅದೇ ಸುತ್ತು ಮೈಮೂನಾಳ ತಲೆಗೆ ಬಂದರೆ ಬಟ್ಟೆಯ ತುದಿ ಎಲ್ಲಿ ಹೋಯಿತೆಂದೇ ಸಿಗುತ್ತಿರಲಿಲ್ಲ. ಒಮ್ಮೆ ಹಿಜಾಬಿನ ಜೊತೆ ನೈಟಿಯನ್ನೂ ಸೇರಿಸಿ ಪಿನ್ನು ಚುಚ್ಚಿಕೊಂಡು, ಗ್ಯಾಸಿನವನು ಬಂದಾಗ ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ಮಾತಾಡಿದಳು. ಅವನು ಪಾಪ, ಕುತ್ತಿಗೆ ಉಳುಕಿದೆಯೆಂದು ತಿಳಿದು ಎಣ್ಣೆಯ ಹೆಸರು ಹೇಳಿ ಹೋದ.

ಗಂಡ ಮುಖ್ತಾರನಿಗೆ ತೆಕ್ಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. (ಮನೆಯ ಮಾತು ಉರ್ದುವಾದರೂ ಹೊಗಳಿಕೆ, ಜಗಳಗಳೆಲ್ಲ ಕುಂದಾಪ್ರ ಕನ್ನಡದಲ್ಲೇ. ಆ ವೇಗ ಬೇರೆ ಭಾಷೆಯಲ್ಲಿ ಸಿಗುವುದಿಲ್ಲ.)

"ಹ್ವಾಯ್, ಇದ್ ಹ್ಯಾಂಗ್ ಕಾಂತ್ತ್, ಹೇಳಿ ಕಾಂಬೊ."

ಮುಖ್ತಾರ್ ಸುತ್ತ ಒಂದು ಪ್ರದಕ್ಷಿಣೆ ಬಂದು ಪರೀಕ್ಷಿಸಿದ. "ಗಾಳಿ ಬಂದ್ರೆ ನಿಲ್ಲತ್ತಾ? ಹಿಂದಿನ್ ಬದಿಗ್ ಒಂದ್ ಸಪೋರ್ಟ್ ಬೇಕ್."

"ನಾ ಕೇಂಡದ್ ಚಂದ ಇತ್ತಾ ಅಂದೇಳಿ. ತಗಡಿನ್ ಮಾಡ್ ಅಲ್ಲ ಇದ್."

"ಚಂದ ಇತ್ತ್. ಅಲ್ದೇ ಮಾರಾಯ್ತಿ, ಅಲ್ಲಿ ಮದಿ ಹಾಲಿಗ್ ಹ್ವಾದ್ ಮೇಲೆ ಹ್ಯಾಂಗೂ…"

"ನಿಮ್ಗ್ ಎಂತ ಗೊತ್ತಿತ್ತ್? ಸುಮ್ನೆ ಚಾ ಕುಡಿನಿ."

ಮುಖ್ತಾರ್ ಚಾ ಕುಡಿದ. ಮುಂದಿನ ದಿನಗಳಲ್ಲಿ ಈ "ಹ್ಯಾಂಗೂ" ಎಂಬಲ್ಲಿಗೆ ಅವನು ಇನ್ನೂ ಕೆಲವು ಸಲ ಬಂದು, ಪ್ರತಿ ಸಲವೂ ಚಾ ಕುಡಿದ.

ಗಂಡನ ಅಭಿಪ್ರಾಯ ಪ್ರಯೋಜನಕ್ಕಿಲ್ಲವೆಂದು ಮೈಮೂನಾ ಪಕ್ಕದ ಮನೆಯ ಕುಸುಮಾವತಿಯನ್ನು ನಡುವಿನ ಪಾಗಾರದ ಗೋಡೆಯ ಹತ್ತಿರ ಕರೆದು, ಫೋನು ನೋಡಿ ಕಲಿತ ಸುತ್ತನ್ನು ತೋರಿಸಿದಳು. ಮೀನು ಮಾರಿ ಬಂದು ಬುಟ್ಟಿ ತೊಳೆಯುತ್ತಿದ್ದ ಕುಸುಮಾವತಿ ಬಹಳ ಹೊತ್ತು ನೋಡಿ ತೀರ್ಪು ಕೊಟ್ಟಳು.

"ನಿನ್ನೆ ಕಟ್ಟಿದ್ ಭಾರೀ ಲಾಯ್ಕ್ ಇದ್ದಿತ್. ಅದನ್ನೇ ಕಟ್ಟ್."

"ನಿನ್ನೆದ್ ನಾ ಜೇಡನ್ ಬಲಿ ತೆಗುಕೆ ಕಟ್ಕಂಡದ್."

ಅಷ್ಟಾದರೂ ಮೈಮೂನಾ ಸೋಲಲಿಲ್ಲ. ಮದುವೆಗೆ ಎರಡು ದಿನ ಇರುವಾಗ ಮೂರು ಸುತ್ತಿನ ಹಿಜಾಬು ಅವಳಿಗೆ ಒಲಿಯಿತು. ಮೊದಲ ಸುತ್ತು ತಿಳಿಹಸಿರು, ಎರಡನೆಯದು ಅದರ ಅಂಚು ಕಾಣುವಂತೆ, ಮೂರನೆಯದು ಕಿವಿಯ ಹಿಂದೆ ಹೂವಿನ ಹಾಗೆ ಸುರುಳಿ. ನಿಜವಾಗಿಯೂ ಚಂದವಾಗಿತ್ತು. ಕನ್ನಡಿಯಲ್ಲಿ ನೋಡಿಕೊಂಡು ಅವಳಿಗೇ ಅವಳ ಮೇಲೆ ಒಂದು ಚೂರು ಹೊಟ್ಟೆಕಿಚ್ಚಾಯಿತು.

ಮದುವೆಯ ದಿನ ಬೆಳಿಗ್ಗೆ, ವಯಸ್ಸಿಗೆ ಮುಂಚೆಯೇ ನರೆತಿದ್ದ ಕೂದಲಿಗೆ ಮದರಂಗಿ ಹಚ್ಚಲು ಕೂತವಳು ಎಡಗಡೆ ಮುಗಿಸಿ ಗಡಿಯಾರ ನೋಡಿದಳು. ಮೂರು ಸುತ್ತಿಗೆ ಹೊತ್ತು ಸಾಲದು. ಹಿಜಾಬಿನೊಳಗಿನ ತಲೆಯನ್ನು ಯಾರು ನೋಡುತ್ತಾರೆ ಎಂದು ಇದ್ದಷ್ಟನ್ನು ತೊಳೆದು, ಬಲಗಡೆಯನ್ನು ಹಾಗೇ ಬಿಟ್ಟು, ಸುತ್ತಲು ನಿಂತಳು.

ಕಾರು ಹತ್ತುವಾಗ ಶಿಫಾನಾಳನ್ನು ಕಂಡು ಮೈಮೂನಾಳ ಎದೆ ತಣ್ಣಗಾಯಿತು. ಗೊಂಬೆ ಇವತ್ತು ಒಂದು ಸಾದಾ ಕಪ್ಪು ಬಟ್ಟೆಯನ್ನು ಹೇಗೆಹೇಗೋ ಸುತ್ತಿ, ಒಂದೇ ಒಂದು ಪಿನ್ನು ಚುಚ್ಚಿಕೊಂಡು ಬಂದಿತ್ತು. "ಭಾಬಿ, ನಿಮ್ದ್ ಎಷ್ಟ್ ಚಂದ ಇತ್ತ್" ಎಂದಳು ಬೇರೆ. ಕುಂದಾಪುರದಿಂದ ಬೈಂದೂರಿನವರೆಗೆ ಮೈಮೂನಾಳಷ್ಟು ಸುಖಿ ಹೆದ್ದಾರಿಯ ಮೇಲೆ ಇನ್ನೊಬ್ಬಳಿರಲಿಲ್ಲ.

ಹೆಂಗಸರ ಹಾಲ್ ಮಾಳಿಗೆಯ ಮೇಲೆ. ಒಳಗೆ ಕಾಲಿಟ್ಟ ಕೂಡಲೇ ಬಾಗಿಲು ಮುಚ್ಚಿತು, ಪರದೆ ಬಿತ್ತು. ಗಂಡಸರ ನೆರಳಿಲ್ಲದ ಆ ಕೋಣೆಯಲ್ಲಿ ಎಲ್ಲ ಹೆಂಗಸರೂ ಬುರ್ಖಾ ಕಳಚಿದರು, ಹಿಜಾಬು ಬಿಚ್ಚಿ ಮಡಚಿ ಬ್ಯಾಗಿಗೆ ಹಾಕಿದರು. ಎಲ್ಲ ಮದುವೆಗಳಲ್ಲೂ ನಡೆಯುವುದೇ ಇದು. ಬುದ್ಧಿ ಬಂದಾಗಿನಿಂದ ಮದುವೆ ಊಟ ಉಂಡ ಮೈಮೂನಾಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹೊಟ್ಟೆಕಿಚ್ಚಿನ ಗಡಿಬಿಡಿಯಲ್ಲಿ ನೆನಪಿಗೇ ಬಂದಿರಲಿಲ್ಲ. ಗಂಡನ "ಹ್ಯಾಂಗೂ" ಈಗ ಪೂರ್ತಿಯಾಯಿತು: ಹ್ಯಾಂಗೂ ತೆಗುದೇ ಅಲ್ದಾ?

ಶಿಫಾನಾ ಒಂದು ಪಿನ್ನು ಎಳೆದಳು. ಕಪ್ಪು ಬಟ್ಟೆ ಜಾರಿತು. ಒಳಗಿಂದ ಸೊಂಟದವರೆಗಿನ ಜಡೆ, ಜಡೆಯ ಉದ್ದಕ್ಕೂ ಭಟ್ಕಳ ಮಲ್ಲಿಗೆ, ಕಿವಿಯಲ್ಲಿ ಝುಮುಕಿ. ಇಡೀ ಹಾಲ್ ಅವಳತ್ತ ತಿರುಗಿತು.

"ಎಂತ ನಿಂತ್ಕಂಡಿದ್ದೆ? ತೆಗಿ ಮಾರಾಯ್ತಿ, ಸೆಕಿ" ಎಂದರು ಅತ್ತೆ.

ಮೈಮೂನಾ ಎಡಗಡೆಯ ಕಿತ್ತಳೆಯನ್ನೂ ಬಲಗಡೆಯ ಬಿಳಿಯನ್ನೂ ನೆನೆದು ಸುರುಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬ್ಯಾಡ ಅಮ್ಮಾ. ನಾ… ನಾ ಇನ್ ಮೇಲೆ ಹೆಣ್ಮಕ್ಕಳ ಮಧ್ಯವೂ ತೆಗಿತಿಲ್ಲೆ."

ಅತ್ತೆಯ ಕಣ್ಣು ಒದ್ದೆಯಾಯಿತು. "ಕಂಡ್ರ್ಯಾ ನಮ್ ದೊಡ್ಡ ಸೊಸಿನ?" ಎಂದು ಇಡೀ ಹಾಲಿಗೆ ಸಾರಿದರು. ಮದುವೆಯಾದಾಗಿನಿಂದ ಕಾದ ಹೊಗಳಿಕೆ ಕೊನೆಗೂ ಬಂತು. ಅದರ ಹಿಂದೆಯೇ ಸನ್ಮಾನವೂ ಬಂತು. ಕೈಹಿಡಿದು ಕರೆದೊಯ್ದು, ಫ್ಯಾನಿನಿಂದ ದೂರದಲ್ಲಿದ್ದ ಹಿರಿಯರ ಸೋಫಾದಲ್ಲಿ, ಬೀಬಿಜಾನ್ ಅಜ್ಜಿಯ ಪಕ್ಕದಲ್ಲೇ ಕೂರಿಸಿದರು. ಬೆವರು ಒಂದೊಂದೇ ಸುತ್ತು ಇಳಿಯತೊಡಗಿತು. ಅತ್ತೆ ಸಾರಿದ್ದು ಕಿವಿಗೆ ಬೀಳದ ಅಜ್ಜಿ ಅವಳ ಮೊಣಕಾಲು ತಟ್ಟಿ, ಮಲ್ಲಿಗೆಯ ಜಡೆಯತ್ತ ಬೆರಳು ತೋರಿಸಿ ಅಕ್ಕರೆಯಿಂದ ಕೇಳಿದರು.

"ಅವ್ಳ್ ನಿಮ್ ಸೊಸಿಯಾ?"

ಫೋಟೊದಲ್ಲಿ ಅಮ್ಮನಾಗಿದ್ದವಳು ಈಗ ಅತ್ತೆಯಾಗಿದ್ದಳು. ವಾಪಸು ಬರುವಾಗ ಕಾರಿನಲ್ಲಿ ಅತ್ತೆ, "ಬಪ್ಪ ವಾರ ಬ್ರಹ್ಮಾವರದಲ್ಲೂ ಮದಿ ಇತ್ತ್. ಅಲ್ಲೂ ನೀ ಹಿರಿಯರ್ ಒಟ್ಟಿಗೇ ಕೂತ್ಕಣ್ಕ್" ಎಂದು ಅಪ್ಪಣೆ ಕೊಟ್ಟರು.

ಮನೆಗೆ ಬಂದವಳು ಹಿತ್ತಿಲಿಗೆ ಹೋಗಿ ಸಿಟ್ಟಿನಿಂದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಮೂರೂ ಸುತ್ತು ಬಿಚ್ಚಿ ಬಟ್ಟೆಹಗ್ಗದ ಮೇಲೆ ಎಸೆದಳು. ಪಾಗಾರದ ಆಚೆ ಕುಸುಮಾವತಿ ಬುಟ್ಟಿ ಹಿಡಿದು ನಿಂತಿದ್ದಳು. ಅರ್ಧ ಕಿತ್ತಳೆ, ಅರ್ಧ ಬಿಳಿ ತಲೆಯನ್ನು ಎಂದಿನಂತೆ ಬಹಳ ಹೊತ್ತು ನೋಡಿದಳು.

"ಇದೂ ಫೋನಲ್ಲ್ ಕಂಡ್ ಕಲ್ತದ್ದಾ?"