ಮಸುಕು ಗಾಜಿನ ಹಿಂದೆ ಆಡಳಿತ

ಬೆಳಕು ಎಲ್ಲೆಡೆ ತನಗೆ ತೋಚಿದಂತೆ ಚಲಿಸುತ್ತದೆ. ಸದರಿ ಸಂಶೋಧನಾ ಸಂಸ್ಥೆಯಲ್ಲಿ ಮಾತ್ರ ಸುತ್ತೋಲೆಯಂತೆ ಚಲಿಸುತ್ತದೆ.

ಅಲ್ಲಿಯ ವಿಜ್ಞಾನಿಯನ್ನು ಎಲ್ಲರೂ ಬೆಳಕಿನಕ್ಕ ಎನ್ನುತ್ತಿದ್ದರು. ಹಾಲು, ಮೇಣ, ಮಂಜು ಇಂಥವುಗಳೊಳಗೆ ಹೊಕ್ಕ ಬೆಳಕು ಎಲ್ಲೆಲ್ಲಿ ಡಿಕ್ಕಿ ಹೊಡೆದು, ಎತ್ತ ಹೊರಳಿ, ಎಲ್ಲಿ ಹೊರಬೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಅವಳ ಕೆಲಸ. ಒಂದು ದಿನ ನಿರ್ದೇಶಕರಿಂದ ಕರೆ ಬಂತು.

ಅವರ ಹೊಸ ಕೋಣೆಗೆ ಮಸುಕು ಗಾಜಿನ ಗೋಡೆ ಹಾಕಿಸಲಾಗಿತ್ತು. ಊಟವಾದ ಮೇಲೆ ನಿರ್ದೇಶಕರು ಕುರ್ಚಿಯಲ್ಲಿ ಕೂತು ಆ ಗೋಡೆಗೆ ಕೆನ್ನೆ ಒತ್ತಿ ಆಡಳಿತದ ಬಗ್ಗೆ ಆಳವಾಗಿ ಚಿಂತಿಸುವರು. ಬಾಯಿ ತೆರೆದು ಚಿಂತಿಸುವುದು ಅವರ ಪದ್ಧತಿ. ಹೊರಗಿನವರಿಗೆ ಚಿಂತನೆ ಹಲ್ಲುಸಮೇತ ಕಾಣುತ್ತಿತ್ತು.

"ಮಸುಕು ಗಾಜು ಅಂತಾನೇ ಹಾಕಿದ್ದು. ಮತ್ಯಾಕಮ್ಮ ಕಾಣ್ತೀನಿ?"

ಅಕ್ಕ ಹಗಲೆಲ್ಲ ಕೂತು ಲೆಕ್ಕ ಹಾಕಿದಳು. "ಸರ್, ಗಾಜಿಗೆ ಅಂಟಿಕೊಂಡಿದ್ರೆ ಬೆಳಕು ಚದುರೋಕೆ ಜಾಗ ಸಿಗಲ್ಲ, ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ. ಕುರ್ಚಿ ಸ್ವಲ್ಪ ಈಚೆ ಎಳೆದ್ರೆ ನೀವು ಬರೀ ಮಬ್ಬು."

"ನಾನು ಮಬ್ಬಾ?"

"ನೋಡೋಕೆ ಮಾತ್ರ ಸರ್."

ನಿರ್ದೇಶಕರು ತಲೆಯಾಡಿಸಿದರು. "ನಿಯಮದ ಪ್ರಕಾರ ನನ್ನ ಕುರ್ಚಿ ಅಲುಗಾಡಿಸೋ ಹಾಗಿಲ್ಲ. ಕುರ್ಚಿ ಬಿಟ್ಟು ಬೇರೆ ಏನಾದ್ರೂ ಹೇಳು. ಅಲ್ಲೀವರೆಗೂ ನಿನ್ನ ಸಂಶೋಧನೆ ಬಂದ್."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ನೋಡೋರ ಕಣ್ಣಿಗೇ ಮಸುಕು ಗಾಜು ಹಾಕಿಸಿ!"

ನಿರ್ದೇಶಕರು ಎದ್ದು ನಿಂತರು. "ಇದನ್ನ ಮೊದಲೇ ಹೇಳೋದಲ್ವೇನಮ್ಮ!"

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: 'ಸಮಸ್ತ ಸಿಬ್ಬಂದಿಯು ಕರ್ತವ್ಯದ ವೇಳೆಯಲ್ಲಿ ಮಸುಕು ಕನ್ನಡಕ ಧರಿಸತಕ್ಕದ್ದು. ಕಂಡದ್ದನ್ನು ಕಂಡಂತೆ ಕಾಣುವುದು ಶಿಸ್ತುಕ್ರಮಕ್ಕೆ ಒಳಪಡುತ್ತದೆ.'

ಕೆಲಸ ಸುಸೂತ್ರವಾಗಿ ಸಾಗಿತು. ಲೆಕ್ಕಪತ್ರ ಗುಮಾಸ್ತರು ಕಡತವೆಂದು ಭಾವಿಸಿ, ಕಿಟಕಿ ರಿಪೇರಿಗೆ ಬಂದಿದ್ದ ಬಡಗಿಯ ಬೆನ್ನಿಗೆ ಸಹಿ ಹಾಕಿದರು. ಬಡಗಿಯನ್ನು ಮುಂದಿನ ಕ್ರಮಕ್ಕಾಗಿ ಮೇಲಿನ ಕಚೇರಿಗೆ ರವಾನಿಸಲಾಯಿತು. "ಅಣ್ಣಾ, ನಾನು ಮನುಷ್ಯ!" ಎಂದು ಅವನು ಕೂಗಿಕೊಂಡನು. ಆ ಬಗ್ಗೆ ಪ್ರತ್ಯೇಕ ಅರ್ಜಿ ಸಲ್ಲಿಸಲು ಸೂಚಿಸಲಾಯಿತು. ತಪಾಸಣೆಗೆ ಬಂದ ಅಧಿಕಾರಿಗಳಿಗೂ ಬಾಗಿಲಲ್ಲೇ ಕನ್ನಡಕ ತೊಡಿಸಲಾಯಿತು. ಅವರು ಸಂಸ್ಥೆಯನ್ನೆಲ್ಲ ತಡವರಿಸಿ ನೋಡಿ, 'ಯಾವ ಲೋಪವೂ ಕಂಡುಬಂದಿಲ್ಲ' ಎಂದು ಬರೆದರು.

ಅಕ್ಕನಿಗೆ ಬಡ್ತಿ ಸಿಕ್ಕಿತು, ಜೊತೆಗೊಂದು ಪದಕ. ಸಮಾರಂಭದಲ್ಲಿ ನಿರ್ದೇಶಕರು ತಾವೂ ಮಸುಕು ಕನ್ನಡಕ ಧರಿಸಿ, ಅವಳ ಪಕ್ಕದಲ್ಲಿದ್ದ ಉಕ್ಕಿನ ಬೀರುವಿನ ಹಿಡಿಗೆ ಪದಕ ತೊಡಿಸಿ, ಬೆನ್ನು ತಟ್ಟಿ, "ಗಟ್ಟಿಗಿತ್ತಿ!" ಎಂದರು.

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಕ್ಕನೂ ಕನ್ನಡಕ ಸರಿಪಡಿಸಿಕೊಂಡು, ಬೀರುವಿಗೆ ಮನಸಾರೆ ಚಪ್ಪಾಳೆ ತಟ್ಟಿದಳು.