ನಲವತ್ತೊಂದು ಮುದ್ದೆಗಳ ವಾಸ್ತವ್ಯ

೧೯೭೮ನೆಯ ಇಸವಿ ಮೇ ಹದಿನಾಲ್ಕು, ಭಾನುವಾರ. ಬೆಳಿಗ್ಗೆ ಮೋಡವಿತ್ತು, ಮಧ್ಯಾಹ್ನ ಬಿಸಿಲು ಬಂತು, ಸಂಜೆ ಪಡುವಣ ಗಾಳಿ ಬೀಸಿತು, ಮಳೆ ಬರಲಿಲ್ಲ. ಅಂದು ಸಂಜೆ ದೊಡ್ಡಗಾಜನೂರಿನ ಶಿವಮಲ್ಲಮ್ಮ, ವಯಸ್ಸು ಎಪ್ಪತ್ತಮೂರು, ತಾವು ಒಂದು ದಿನ ರಜೆ ತೆಗೆದುಕೊಳ್ಳುವುದಾಗಿ ಮನೆಯವರಿಗೆ ತಿಳಿಸಿದರು.

ಐವತ್ತೊಂಬತ್ತು ವರ್ಷಗಳಿಂದ ಅವರು ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುತ್ತಿದ್ದರು. ಆ ಮನೆಯ ಮುದ್ದೆಗಳನ್ನು ಬೇರೆ ಯಾರೂ ಕಟ್ಟುತ್ತಿರಲಿಲ್ಲ. ಕಟ್ಟಿದರೂ ಯಾರೂ ತಿನ್ನುತ್ತಿರಲಿಲ್ಲ.

"ರಜಾ ಅಂದ್ರೆ ಎಂಗವ್ವ?" ಎಂದು ಹಿರಿಯ ಮಗ ಬಸವಯ್ಯ ಕೇಳಿದ.

"ಒಂದೇ ಒಂದಿನ ಹೊತ್ತು ಉಟ್ಟುದ್ಮೇಲೆ ಏಳ್ಬೇಕು ಕಣ್ಲಾ. ಒಲೆ ಬೇರೆಯೋರು ಅಚ್ಚಿರ್ಬೇಕು."

"ಅದುಕ್ಕೇನು, ನಾಳೀಕೆ ಮಲಗು. ಸೊಸೇರು ಅಚ್ತಾರೆ."

"ನಿಮ್ಮೆಂಡ್ರು ಅಚ್ಚುದ್ರೆ ಒಗೆ ವಾಸ್ನೆಗೇ ನಂಗೆ ಎಚ್ರ ಆಯ್ತದೆ. ಈ ಮನೇಲಿ ಆಗಾಕಿಲ್ಲ. ಎಲ್ರೂ ಎಲ್ಲಾದ್ರೂ ಓಗನ. ಒಬ್ರನ್ನೂ ಬುಟ್ಟು ಓಗಂಗಿಲ್ಲ. ಒಬ್ರು ಇಲ್ಲೇ ಉಳುದ್ರೂ, ಅವ್ರಿಗೆ ಮುದ್ದೆ ಯಾರು ಮಾಡುದ್ರೋ ಅಂತ ನಂಗೆ ನಿದ್ದೆ ಬರಾಕಿಲ್ಲ."

ಹೀಗೆ ಇಡೀ ಮನೆಯ ಪ್ರವಾಸ ನಿಶ್ಚಯವಾಯಿತು.

ತಾಳಮಲೆಯ ಅಂಚಿನಲ್ಲಿ ಒಂದು ಪ್ರವಾಸಿ ಗೃಹವಿದೆ. ಅದು ಯಾವ ಇಲಾಖೆಗೆ ಸೇರಿದ್ದೆಂಬ ಬಗ್ಗೆ ಎರಡು ಇಲಾಖೆಗಳ ನಡುವೆ ಪತ್ರವ್ಯವಹಾರ ನಡೆಯುತ್ತಿರುವುದರಿಂದ ಹೆಸರು ಹೇಳುವುದು ಸರಿಯಲ್ಲ. ಎರಡು ಕೋಣೆ, ಒಂದು ಜಗಲಿ, ಒಂದು ಅಡಿಗೆಮನೆ. ಉಸ್ತುವಾರಿಗೆ ನಂಜಯ್ಯ, ಅಡಿಗೆಗೆ ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ. ಗೃಹ ಆರಂಭವಾಗಿ ಎರಡು ವರ್ಷವಾದರೂ, ಒಂದು ಆನೆ ಬಂದು ಹಿತ್ತಲ ಗೋಡೆ ಕೆಡವಿದ್ದನ್ನು ಬಿಟ್ಟರೆ, ಯಾರೂ ಬಂದಿರಲಿಲ್ಲ. ಆನೆ ಒಳಗೆ ತಂಗಲಿಲ್ಲವಾದ್ದರಿಂದ ವಹಿಯಲ್ಲಿ ಅದರ ನಮೂದಿಲ್ಲ.

ಗೋಡೆಯ ಮೇಲೆ ನಿಯಮಗಳ ಹಲಗೆ ಇತ್ತು. ನಾಲ್ಕನೆಯ ನಿಯಮ: ಒಂದು ಕೋಣೆಯಲ್ಲಿ ಮೂವರಿಗಿಂತ ಹೆಚ್ಚು ಜನ ತಂಗತಕ್ಕದ್ದಲ್ಲ. ಐದನೆಯ ನಿಯಮ: ತಂಗುವವರ ಸಂಖ್ಯೆಯನ್ನು ಮುಂಚಿತವಾಗಿ ನಮೂದಿಸತಕ್ಕದ್ದು. ಆರನೆಯ ನಿಯಮ: ಕರ್ತವ್ಯದ ಮೇಲಿರುವ ಇಲಾಖೆಯ ಸಿಬ್ಬಂದಿಯನ್ನು ಜನರೆಂದು ಪರಿಗಣಿಸತಕ್ಕದ್ದಲ್ಲ.

ಬಸವಯ್ಯ ಹೋಗಿ ಎರಡೂ ಕೋಣೆ ಕೇಳಿದ. ನಂಜಯ್ಯನಿಗೆ ಸಂತೋಷದಿಂದ ಪೆನ್ನು ಸಿಗಲಿಲ್ಲ. ಸಿಕ್ಕಿದ ಮೇಲೆ ಕೇಳಿದ:

"ಎಷ್ಟು ಜನ?"

"ಮನೆಮಂದಿ."

"ಅದೇ, ಎಷ್ಟು?"

"ಎಣ್ಸಾಕಿಲ್ಲ ಕಣಪ್ಪ."

ಇದು ಉದ್ಧಟತನವಲ್ಲ. ಆ ಮನೆಯಲ್ಲಿ ಜನರನ್ನು ಎಣಿಸುವ ಪದ್ಧತಿ ಇಲ್ಲ. ಬಸವಯ್ಯನ ಮುತ್ತಾತ ಒಮ್ಮೆ ಸೋಮವಾರ ಮಕ್ಕಳನ್ನು ಎಣಿಸಿದಾಗ ಒಂಬತ್ತು ಇದ್ದವು. ಮುಂದಿನ ಸೋಮವಾರ ಎಣಿಸಿದಾಗ ಏಳು. ಇಬ್ಬರು ಸಂತೆಗೆ ಹೋಗಿದ್ದರೆಂದು ಸಂಜೆ ಗೊತ್ತಾಯಿತು. ಆದರೂ ಒಮ್ಮೆ ಕಡಿಮೆಯಾದದ್ದು ಕಡಿಮೆಯಾದದ್ದೇ ಎಂದು ಅಂದಿನಿಂದ ಎಣಿಕೆ ನಿಲ್ಲಿಸಿದರು. ಜನಗಣತಿಯವರು ಬಂದಾಗ ಮನೆಯವರೆಲ್ಲ ಹೊಲಕ್ಕೆ ಹೋಗುತ್ತಾರೆ.

"ಅಂಗಾರೆ ಸಾಮಾನು ಗೀಮಾನು ಎಂಗ್ ತತ್ತೀರಿ? ಎಷ್ಟು ಜನಕ್ಕೆ ಅಂತ ಬ್ಯಾಡ್ವಾ?" ಎಂದು ನಂಜಯ್ಯ ಕೇಳಿದ.

"ಮುದ್ದೆ ಲೆಕ್ಕ ಅದೆಯಲ್ಲ. ಸಂಜೆಗೆ ನಲವತ್ತೊಂದು ಮುದ್ದೆ."

ನಂಜಯ್ಯ ಯೋಚಿಸಿದ. ಅರ್ಜಿದಾರನನ್ನು ಬರಿಗೈಲಿ ಕಳಿಸಿದರೆ ಇನ್ನೆರಡು ವರ್ಷ ಯಾರೂ ಬರಲಾರರು. ಆದ್ದರಿಂದ ಅರ್ಜಿಯಲ್ಲಿ 'ಜನರ ಸಂಖ್ಯೆ' ಎಂಬ ಜಾಗದಲ್ಲಿ 'ಮುದ್ದೆ, ೪೧' ಎಂದು ಬರೆದು ಸತ್ಯಮಂಗಲದ ಮೇಲಿನ ಕಚೇರಿಗೆ ಬಸ್ಸಿನಲ್ಲಿ ಕಳಿಸಿದ.

ಆ ಕಚೇರಿಯಲ್ಲಿ ಯಾರೂ ನಗಲಿಲ್ಲ. ಮೂರು ತಿಂಗಳ ನಂತರ ಆದೇಶ ಬಂತು. ಆ ಸೀಮೆ ತಮಿಳು ರಾಜ್ಯಕ್ಕೆ ಸೇರಿದ್ದರಿಂದ ಅದು ತಮಿಳಿನಲ್ಲಿತ್ತು. ನಂಜಯ್ಯ ಅದನ್ನು ಕನ್ನಡಕ್ಕೆ ಮಾಡಿ, ಜಗಲಿಯ ಮೇಲೆ ನಿಂತು ಬಸವಯ್ಯನಿಗೆ ಓದಿದ:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಅರ್ಜಿಯನ್ನು ಮುದ್ದೆಯ ಮಾನದಲ್ಲಿ ಸ್ವೀಕರಿಸಲಾಗಿದೆ. ಸದರಿ ಮಾನವನ್ನು ಇನ್ನು ಬದಲಾಯಿಸಲು ಅವಕಾಶವಿಲ್ಲ. ಮುದ್ದೆಯನ್ನು ಜನರಿಗೆ ಪರಿವರ್ತಿಸುವ ತಾತ್ಕಾಲಿಕ ದರ ಹೀಗಿದೆ: ಉಳುವ ಗಂಡಸು, ಎರಡು. ಓದಿದ ಗಂಡಸು, ಒಂದು. ಹೆಂಗಸು, ಒಂದು ಎಂದು ಹೇಳಿ ಒಂದೂವರೆ. ಮಗು, ಅರ್ಧ. ಅಳಿಯ, ಮೂರು."

ಈ ದರದ ಪ್ರಕಾರ ನಲವತ್ತೊಂದು ಮುದ್ದೆಯೆಂದರೆ ಹದಿಮೂರು ಅಳಿಯಂದಿರು ಮತ್ತು ಒಬ್ಬ ಉಳುವ ಗಂಡಸು ಇರಬಹುದು. ಅಥವಾ ಎಂಬತ್ತೆರಡು ಮಕ್ಕಳಿರಬಹುದು. ಹೇಗಿದ್ದರೂ ಎರಡು ಕೋಣೆಗೆ ಆರೇ ಜನ. ಮಿತಿ ಮೀರಿದೆಯೆಂಬುದು ಸ್ಪಷ್ಟವಾಗಿದ್ದರೂ ಎಷ್ಟು ಮೀರಿದೆಯೆಂಬುದು ಅಸ್ಪಷ್ಟವಾಗಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲು ಸಾಧ್ಯವಾಗುತ್ತಿಲ್ಲ ಎಂದು ಆದೇಶ ವಿಷಾದಿಸಿತ್ತು. ಕೊನೆಯಲ್ಲಿ ಹೀಗಿತ್ತು:

"ಆದ್ದರಿಂದ ತಂಗುವ ದಿನ, ಪ್ರವಾಸಿ ಗೃಹದಲ್ಲಿಯೇ, ಅಧಿಕಾರಿಯ ಸಮಕ್ಷಮ ಮುದ್ದೆಗಳನ್ನು ತಯಾರಿಸಿ ಎಣಿಕೆಗೆ ಹಾಜರುಪಡಿಸತಕ್ಕದ್ದು. ಗಾತ್ರದಲ್ಲಿ ವ್ಯತ್ಯಾಸವಾಗದಂತೆ, ಮನೆಯಲ್ಲಿ ನಿತ್ಯ ಕಟ್ಟುವವರೇ ಕಟ್ಟತಕ್ಕದ್ದು."

ಬಸವಯ್ಯ ಮನೆಗೆ ಬಂದು ಇದನ್ನು ಹೇಳಿದಾಗ ಶಿವಮಲ್ಲಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು.

"ಅಂದ್ರೆ, ನಾನು ಅಲ್ಲೂ ಮುದ್ದೆ ಕಟ್ಬೇಕು."

"ಊಂ ಕಣವ್ವ. ಸರ್ಕಾರದೋರ ಮುಂದೆ."

"ಅಂಗಾರೆ ರಜಾ ನಂಗಲ್ಲ ಕಣ್ಲಾ, ಈ ಒಲೆಗೆ." ಅವರು ಜರಡಿ ಕೆಳಗಿಟ್ಟರು. "ಅವತ್ತು ನಾನು ಒಂದ್ ಮುದ್ದೆನೂ ಮಾಡಾಕಿಲ್ಲ. ಮುದ್ದೆ ಇಲ್ಲ ಅಂತ ಬರ್ದುಬುಡು."

ಬಸವಯ್ಯ ಹಾಗೆಯೇ ಬರೆಸಿದ. 'ಸದರಿ ದಿನ ಮುದ್ದೆ: ಇಲ್ಲ.'

ಇದರಿಂದ ಕಡತ ಸಲೀಸಾಯಿತು. ಎರಡನೆಯ ಆದೇಶ ಹನ್ನೆರಡೇ ದಿನದಲ್ಲಿ ಬಂತು. ಮುದ್ದೆ ಸೊನ್ನೆಯಾದ್ದರಿಂದ, ಯಾವ ದರದಲ್ಲಿ ಪರಿವರ್ತಿಸಿದರೂ ಜನರು ಸೊನ್ನೆ. ಸೊನ್ನೆ ಜನರು ಎರಡು ಕೋಣೆಗಳಲ್ಲಿ ತಂಗುವುದರಿಂದ ನಾಲ್ಕನೆಯ ನಿಯಮದ ಉಲ್ಲಂಘನೆಯಾಗುವುದಿಲ್ಲ. ಅನುಮತಿ ನೀಡಲಾಗಿದೆ. ಯಾರೂ ತಂಗುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲು ಒಬ್ಬ ಅಧಿಕಾರಿ ಹಾಜರಿರುತ್ತಾರೆ.

ರಾಗಿ ಕಣ ಮುಗಿದ ಮೇಲೆ, ೧೯೭೯ರ ಜನವರಿ ಇಪ್ಪತ್ತೊಂದು, ಭಾನುವಾರ, ದನಗಳನ್ನು ಪಕ್ಕದ ಹಟ್ಟಿಯ ರಾಚನಿಗೆ ಒಪ್ಪಿಸಿ, ಮನೆಯವರು ಗಾಡಿಗಳಲ್ಲೂ ಬಸ್ಸಿನಲ್ಲೂ ತಾಳಮಲೆ ಸೇರಿದರು. ಆಕಾಶ ಶುಭ್ರವಾಗಿತ್ತು; ಚಳಿ ಇತ್ತು. ಚಿಕ್ಕಲಕ್ಷ್ಮಮ್ಮ ದೊಡ್ಡ ಹಂಡೆಯಲ್ಲಿ ಅನ್ನಕ್ಕೆ ಎಸರಿಟ್ಟಳು. ಅನ್ನದ ಬಗ್ಗೆ ಆದೇಶದಲ್ಲಿ ಏನೂ ಇರಲಿಲ್ಲ.

ಸಂಜೆ ಬಸ್ಸಿಗೆ ಅಧಿಕಾರಿ ಬಿಳಿಗಿರಿ ಇಳಿದರು. ಮೂಲತಃ ಬೆಟ್ಟದ ಕಡೆಯವರೇ. ಆರು ವರ್ಷದಿಂದ ಬೆಟ್ಟದ ಕೆಳಗೆ, ಸತ್ಯಮಂಗಲದಲ್ಲಿ ಕೆಲಸ. ಬಂದವರೇ ಪರಿಶೀಲನೆಗೆ ಮೊದಲನೆಯ ಕೋಣೆಯ ಬಾಗಿಲಲ್ಲಿ ನಿಂತರು.

"ವರದಿಗೆ ಕೇಳ್ತಾ ಇದೀನಿ. ಈ ಕೋಣೇಲಿ ಯಾರಾದ್ರೂ ಅವ್ರಾ?"

"ಯಾರೂ ಇಲ್ಲ ಸಾರ್," ಎಂದ ನಂಜಯ್ಯ. "ಒಸಿ ಕಾಲೆತ್ತಿ, ಮಗೀನ ಕೈ ತುಳ್ದೀರಿ."

ಬಿಳಿಗಿರಿ ಕಾಲೆತ್ತಿ ಬರೆದುಕೊಂಡರು.

"ಎರಡನೇದು?"

"ಅದೂ ಖಾಲಿ. ಆದ್ರೆ ಬಾಗ್ಲು ತಗ್ಯಾಕಾಯ್ತಿಲ್ಲ. ಅಳಿಯಂದ್ರು ಒರಗ್ಕಂಡವ್ರೆ."

"ಪರವಾಗಿಲ್ಲ. ಖಾಲಿ ಇರೋದನ್ನ ತೆಗ್ದು ನೋಡೋದೇನಿದೆ."

ಹೊತ್ತು ಮುಳುಗಿದ ಮೇಲೆ ಆ ದಾರಿಯಲ್ಲಿ ಆನೆಗಳಿಗೆ ಮಾತ್ರ ಸಂಚಾರವಿದ್ದುದರಿಂದ ಬಿಳಿಗಿರಿಯವರೂ ಅಲ್ಲಿಯೇ ಉಳಿದರು. ಅವರು ಕರ್ತವ್ಯದ ಮೇಲಿದ್ದುದರಿಂದ ಆರನೆಯ ನಿಯಮದ ಪ್ರಕಾರ ಜನರಲ್ಲ. ಮೊದಲನೆಯ ಕೋಣೆಯಲ್ಲಿ, ಶಿವಮಲ್ಲಮ್ಮನವರ ಕಂಬಳಿಗೂ ಗೋಡೆಗೂ ನಡುವೆ ಒಂದು ಮೊಳ ಜಾಗ ಸಿಕ್ಕಿತು. ಹೊಸಬನಾದರೂ ಯಾರೂ ಏನೂ ಕೇಳಲಿಲ್ಲ. ಎಣಿಸದ ಮನೆಯಲ್ಲಿ ಒಬ್ಬ ಹೆಚ್ಚಾದದ್ದು ತಿಳಿಯುವುದಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಶಿವಮಲ್ಲಮ್ಮ ಎದ್ದು ಕುಳಿತರು. ಅಭ್ಯಾಸ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಒಲೆ ಯಾವ ಕಡೆಯೆಂದು ಕತ್ತಲಲ್ಲಿ ಗೊತ್ತಾಗಲಿಲ್ಲ. ಆಗ ಗೋಡೆಯ ಕಡೆಯಿಂದ ಪಿಸುಮಾತು ಬಂತು.

"ಅವ್ವಾ, ಎದ್ದಿದ್ದೀರಾ?"

"ಯಾರ್ಲಾ ಅದು?"

"ನಾನು ಅವ್ವಾ, ಅಧಿಕಾರಿ. ಬೆಟ್ಟ ಇಳ್ದು ಓಗಿ ಆರು ವರ್ಸ ಆಯ್ತು. ಬರೀ ಅನ್ನ. ರಾತ್ರೀನೂ ಅನ್ನ. ನೀವೆಂಗೂ ಎದ್ದಿದ್ದೀರಿ, ಒಂದೇ ಒಂದ್ ಮುದ್ದೆ..." ಅವರ ದನಿಯಲ್ಲಿ ಕಚೇರಿ ಇರಲಿಲ್ಲ.

ಹಿಟ್ಟಿನ ಚೀಲವಿಲ್ಲದೆ ಶಿವಮಲ್ಲಮ್ಮ ಎಲ್ಲಿಗೂ ಹೊರಟವರಲ್ಲ. ಅದು ತಲೆದಿಂಬಾಗಿ ಅಲ್ಲಿಯೇ ಇತ್ತು. ಹಸಿವೆಂದು ಕೇಳಿದವನಿಗೆ ಅವರು ಈವರೆಗೆ ಇಲ್ಲ ಎಂದಿರಲಿಲ್ಲ. ಕೈ ಚೀಲದ ಮೇಲೆ ಹೋಯಿತು. ಸ್ವಲ್ಪ ಹೊತ್ತು ಅಲ್ಲಿಯೇ ಇತ್ತು.

"ನೋಡಪ್ಪ," ಎಂದರು ಕೊನೆಗೆ. "ಈಗ ಒಂದ್ ಮುದ್ದೆ ಮಾಡುದ್ರೆ ಇಲ್ಲಿ ಒಬ್ರು ಅವ್ರೆ ಅಂತ ಆಯ್ತದೆ. ಆ ಒಬ್ರು ಅಂದ್ರೆ ನೀನೇ. ಯಾರೂ ಇಲ್ಲ ಅಂತ ನೀನೇ ಬರ್ಕಂಡಿದ್ದೀಯೆ. ನಿನ್ ಕೆಲ್ಸ ಓಯ್ತದೆ. ಮಲ್ಕೊ."

ಬಿಳಿಗಿರಿ ಈ ವಾದವನ್ನು ನಿಯಮಗಳೊಂದಿಗೆ ತಾಳೆ ನೋಡಿದರು. ದೋಷ ಕಾಣಲಿಲ್ಲ. ಮಲಗಿದರು.

ಶಿವಮಲ್ಲಮ್ಮನೂ ಸೆರಗು ಬಿಚ್ಚಿ ಮಲಗಿದರು. ಏಳುವಾಗ ಎಂಟೂವರೆ. ಬಿಸಿಲು ಜಗಲಿಯ ಮೂರನೆಯ ಮೆಟ್ಟಿಲಿಗೆ ಬಂದಿತ್ತು. ಒಲೆ ಚಿಕ್ಕಲಕ್ಷ್ಮಮ್ಮ ಹಚ್ಚಿದ್ದಳು. ಅವರು ಮೆಟ್ಟಿಲ ಮೇಲೆ ಕುಳಿತು ಕಾಫಿ ಕುಡಿದರು. ಕುಡಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು, ತೆಗೆದರು, ಮತ್ತೆ ಇಟ್ಟುಕೊಂಡರು. ಮೊಮ್ಮಕ್ಕಳು ದೂರ ನಿಂತು, ಅಜ್ಜಿಗೆ ಹುಷಾರಿಲ್ಲವೇನೋ ಎಂದು ನೋಡುತ್ತಿದ್ದರು.

ಹೊರಡುವಾಗ ಬಾಡಿಗೆಯ ಪ್ರಶ್ನೆ ಬಂತು. ಶಿವಮಲ್ಲಮ್ಮ ಸೆರಗಿನ ಗಂಟು ಬಿಚ್ಚಿದರು. ನಂಜಯ್ಯ ಹಿಂದೆ ಸರಿದ.

"ಬ್ಯಾಡಿ ಕಣವ್ವ! ಯಾರೂ ಇಲ್ದೆ ಇದ್ದುದ್ಕೆ ದುಡ್ಡು ಈಸ್ಕಂಡ್ರೆ ನನ್ನ ಜೈಲಿಗಾಕ್ತಾರೆ."

"ಬ್ಯಾರೆಯೋರ ಸೂರ್ನಡಿ ಮಲ್ಗಿ ಬಿಟ್ಟಿ ಎದ್ದೋಗದಾ? ಏನನ್ಕಂಡಿದ್ದೀಯ್ಲಾ ನಮ್ಮನೆತನ್ವ?"

"ನೀವು ಮಲ್ಗೇ ಇಲ್ಲ ಕಣವ್ವ."

"ಎಂಟೂವರೆಗಂಟ ಮಲ್ಗಿವ್ನಿ! ಇನ್ನೊಂದ್ಸಲ ಇಲ್ಲ ಅಂದ್ರೆ ನೋಡು!"

ತೀರ್ಪು ಕೊಡಬೇಕಾದವರು ಬಿಳಿಗಿರಿ. ಅವರು ನಿಯಮಗಳ ಹಲಗೆ ನೋಡಿ ಹೇಳಿದರು: ಅರ್ಜಿಯನ್ನು ಯಾವ ಮಾನದಲ್ಲಿ ಸ್ವೀಕರಿಸಲಾಗಿದೆಯೋ ಶುಲ್ಕವನ್ನೂ ಅದೇ ಮಾನದಲ್ಲಿ ಸಲ್ಲಿಸಬಹುದು. ಭಾನುವಾರದ ವಾಸ್ತವ್ಯಕ್ಕೆ ಮುದ್ದೆ ಇಲ್ಲವೆಂದು ಆದೇಶವಿದೆ. ಸೋಮವಾರದ ಬಗ್ಗೆ ಆದೇಶ ಮೌನವಾಗಿದೆ.

ಬಿಳಿಗಿರಿಯವರೂ ಮನೆಯವರ ಗಾಡಿಯಲ್ಲಿ ದೊಡ್ಡಗಾಜನೂರಿಗೆ ಬಂದರು. ಶಿವಮಲ್ಲಮ್ಮ ತಮ್ಮ ಒಲೆ ಹಚ್ಚಿದರು. ಬಿಳಿಗಿರಿ ಉಪ್ಪೆಸರಿನಲ್ಲಿ ಮುದ್ದೆ ಮುರಿದು, ಕಣ್ಣು ಮುಚ್ಚಿ ನುಂಗಿ, ಕೈ ತೊಳೆದು ರಸೀತಿ ಬರೆದುಕೊಟ್ಟರು.

ಮುಂದಿನ ವರ್ಷವೂ ಅದೇ ಅರ್ಜಿ ಹೋಯಿತು, ಅದೇ ಅನುಮತಿ ಬಂತು. ಈ ಬಾರಿ ಬಿಳಿಗಿರಿಯವರ ಜೊತೆ ಇನ್ನೊಬ್ಬ ಅಧಿಕಾರಿ ಬಂದರು. ಮೊದಲನೆಯವರು ಸರಿಯಾಗಿ ಪರಿಶೀಲಿಸಿದರೇ ಎಂದು ಪರಿಶೀಲಿಸಲು. ಅದರ ಮುಂದಿನ ವರ್ಷ ಅವರಿಬ್ಬರ ಮೇಲಿನವರು, ಅವರ ಚಾಲಕ. ಉಸ್ತುವಾರಿ ಸಮಿತಿಯೊಂದು ರಚನೆಯಾಯಿತು. ಖಾಲಿ ಕೋಣೆಗಳ ಚಿತ್ರ ತೆಗೆಯಲು ಛಾಯಾಗ್ರಾಹಕ ಬಂದ. ಕ್ರಮೇಣ ಎರಡೂ ಕೋಣೆಗಳು, ಅವು ಖಾಲಿಯಿವೆಯೆಂದು ದೃಢೀಕರಿಸುವವರಿಂದ ತುಂಬಿಹೋದವು. ಶಿವಮಲ್ಲಮ್ಮನ ಮನೆಯವರು ಜಗಲಿಯಲ್ಲಿ ಮಲಗತೊಡಗಿದರು. ಜಗಲಿಯ ಬಗ್ಗೆ ನಿಯಮವಿಲ್ಲದ್ದರಿಂದ ಇದನ್ನು ಎಲ್ಲರೂ ಸುಧಾರಣೆಯೆಂದು ಒಪ್ಪಿದರು. ಆ ಒಂದು ಬೆಳಿಗ್ಗೆ ಶಿವಮಲ್ಲಮ್ಮ ಎಂಟೂವರೆಗೆ ಏಳುವುದು ಮಾತ್ರ ತಪ್ಪಲಿಲ್ಲ.

೧೯೮೫ರ ಜನವರಿ ಇಪ್ಪತ್ತೊಂದು, ಸೋಮವಾರ. ಪ್ರವಾಸದಿಂದ ಹಿಂದಿರುಗಿದ ಮಧ್ಯಾಹ್ನ. ಕೊಳ್ಳೇಗಾಲದ ಕಡೆಗೆ ಕೊಟ್ಟಿದ್ದ ತಂಗಿ ಶಾಂತಮಲ್ಲಮ್ಮ, ಅಕ್ಕನನ್ನು ನೋಡಲು ಬಂದು, ಒಲೆಯ ಪಕ್ಕ ಕುಳಿತು ಇದನ್ನೆಲ್ಲ ಮೊದಲಿನಿಂದ ಕೇಳಿದಳು. ಎಂಬತ್ತು ತುಂಬಿದ ಶಿವಮಲ್ಲಮ್ಮ ಹೇಳುತ್ತಲೇ ಹಿಟ್ಟಿನ ಕೋಲು ತಿರುವುತ್ತಿದ್ದರು. ಅಂಗಳದಲ್ಲಿ ಎರಡು ಜೀಪು ನಿಂತಿದ್ದವು. ಜಗಲಿಯ ಮೇಲೆ ಅಧಿಕಾರಿಗಳು ಎಲೆಯ ಮುಂದೆ ಸಾಲಾಗಿ ಕುಳಿತಿದ್ದರು. ಬಿಳಿಗಿರಿಯವರು ಮೊದಲನೆಯ ಎಲೆಗೆ.

"ಅಲ್ಲ ಕಣಕ್ಕ," ಎಂದಳು ಶಾಂತಮಲ್ಲಮ್ಮ, "ನಾನೂ ಒಂದಿನ ಅಂಗೆ ಮಲಗನ ಅಂತವ್ನಿ. ಒಂದ್ ಬೆಳ್ಗಿನ ನಿದ್ದೆಗೆ ಕೊನೇಗೆ ಏನ್ ಕೊಟ್ಟೆ ಯೇಳು."

ಶಿವಮಲ್ಲಮ್ಮ ಕೈಗೆ ತಣ್ಣೀರು ಹಚ್ಚಿಕೊಂಡು, ಬಿಸಿ ಹಿಟ್ಟನ್ನು ಉಂಡೆ ಮಾಡಿ, ಹರಿವಾಣದ ಸಾಲಿನ ಕೊನೆಗೆ ಇಟ್ಟರು.

"ಮೊದಲ್ನೇ ವರ್ಸ ಒಂದು," ಎಂದರು. "ಈ ವರ್ಸ ನಲವತ್ತೊಂದು."